ಬೀದಿಗೆ ನೀರು ತರುವ ಖರ್ಚು ಯಾರದು?

ಪ್ರಶ್ನೆ: ಮದ್ದೂರಿನ ಅಂಚಿನ ನಮ್ಮ ಬಡಾವಣೆಗೆ ನಲ್ಲಿ ನೀರು, ಒಳಚರಂಡಿ ಬರಬೇಕು. ದುಡ್ಡು ಹಾಕಬೇಕಾದವರು ಯಾರು?

ಉತ್ತರ: ಮಂಜೂರಾದ ಖಾಸಗಿ ಬಡಾವಣೆಯಾದರೆ ರಸ್ತೆ, ಚರಂಡಿ, ಪೈಪು ಹಾಕಿಸಬೇಕಾದದ್ದು ಬಡಾವಣೆ ಮಾಡಿದವರೇ. ಆ ಖರ್ಚು ನಿಮ್ಮ ಸೈಟಿನ ಬೆಲೆಯಲ್ಲೇ ಸೇರಿರುತ್ತದೆ. ಮಂಜೂರಾತಿಯಿಲ್ಲದ ರೆವಿನ್ಯೂ ಸೈಟಾದರೆ ಇವನ್ನು ಯಾರೂ ಹಾಕಿಸಿರುವುದಿಲ್ಲ, ಹೊರೆ ಇಡೀ ಊರಿನ ಮೇಲೆ ಬೀಳುತ್ತದೆ. 2021ರ ಅಕ್ಟೋಬರ್‌ನಲ್ಲಿ ಪಟ್ಟಣಗಳ ನಲ್ಲಿ ನೀರಿಗಾಗಿ ಕೇಂದ್ರ ಸರ್ಕಾರ ಶುರುಮಾಡಿದ ಅಮೃತ್ 2.0 ಯೋಜನೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳಿಗೆ ಕೇಂದ್ರದ ಪಾಲು ಅರ್ಧ. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯದು. ಬೀದಿಯ ಪೈಪಿನಿಂದ ಮನೆಯ ಸಂಪಿನವರೆಗಿನ ಖರ್ಚು, ರಸ್ತೆ ಅಗೆತದ ಶುಲ್ಕವೂ ಸೇರಿ, ಸಾಮಾನ್ಯವಾಗಿ ಮನೆಯವರದೇ.

ನಿವಾಸಿಗಳಿಂದಲೇ ನೇರವಾಗಿ ವಂತಿಗೆ ಪಡೆದ ದೊಡ್ಡ ಉದಾಹರಣೆ ಬೆಂಗಳೂರಿನದು. 2000ದ ದಶಕದಲ್ಲಿ ಅದರ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆಗೆ ಕಾವೇರಿ ನೀರು ಕೊಡಲು ನಿವೇಶನದ ಅಳತೆಗೆ ತಕ್ಕಂತೆ ಮಾಲೀಕರಿಂದ ಹಣ ಕಟ್ಟಿಸಿಕೊಂಡರು. ಆ ನೀರನ್ನು ಎತ್ತುವುದು ನಿಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ! ಹಣ ಕಟ್ಟಿದ ಮೇಲೂ ವರ್ಷಗಟ್ಟಲೆ ಟ್ಯಾಂಕರಿಗೆ ದುಡ್ಡು ತೆತ್ತ ಮನೆಗಳಿದ್ದವು.

ಅಳತೆಗೆ ತಕ್ಕ ವಂತಿಗೆ ನ್ಯಾಯವೇ. ಆದರೆ ಕಾಮಗಾರಿ ಆದೇಶ ಬಂದ ಮೇಲೆ, ಕಂತಿನಲ್ಲಿ ಪಡೆಯಲಿ. ಬಡವರಿಗೆ ರಿಯಾಯಿತಿ ಇರಲಿ. ಕಾಂಕ್ರೀಟ್ ರಸ್ತೆಗೆ ಮೊದಲೇ ಒಳಚರಂಡಿ ಹಾಕಿಸಿ ಎಂದು ಈಗಲೇ ಪಟ್ಟು ಹಿಡಿಯಿರಿ.