ಪಂಜರದ ಜೋಡಿಯೂ ಉದುರಿದ ಗರಿಯೂ

ದೇಶೀಯ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದುದರಿಂದ ಮಹಾನಗರದ ಬಾಲ್ಕನಿಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರೇಲಿಯ ಮೂಲದ ಪುಟ್ಟ ಬಜರಿಗರ್ ಗಿಳಿಗಳು. ಅಂಗಡಿಗಳಲ್ಲಿ ಇವಕ್ಕೆ ‘ಲವ್ ಬರ್ಡ್ಸ್’ ಎಂದೇ ಹೆಸರು. ಹೆಸರಿನಲ್ಲಿರುವ ಪ್ರೇಮ ಪಂಜರದಲ್ಲಿಯೂ ಇದ್ದೇ ತೀರಬೇಕೆಂಬ ನಿಯಮವಿಲ್ಲ!

ಗರಿ ಉದುರತೊಡಗಿದಾಗ, ಎಲ್ಲಿ ಉದುರಿದೆ ಎಂಬುದನ್ನು ಮೊದಲು ನೋಡಬೇಕು. ಹಕ್ಕಿಯ ಕೊಕ್ಕು ತನ್ನದೇ ತಲೆಯನ್ನು ಮುಟ್ಟಲಾರದು. ನೆತ್ತಿ ಮತ್ತು ಕತ್ತಿನ ಹಿಂಭಾಗ ಮಾತ್ರ ಬೋಳಾಗಿದ್ದರೆ ಸಂಗಾತಿಯೇ ಕಿತ್ತಿರುವ ಸಂಭವ ಹೆಚ್ಚು. ತಲೆಯ ಗರಿ ನೆಟ್ಟಗಿದ್ದು ಎದೆ ಬರಿದಾಗಿದ್ದರೆ ತಾನೇ ಕಿತ್ತುಕೊಳ್ಳುತ್ತಿರಬಹುದು. ಸಹಜವಾಗಿ ಗರಿ ಬದಲಾಗುವಾಗಲಾದರೋ ಚರ್ಮ ಬೋಳಾಗುವುದಿಲ್ಲ. ಹಳೆಯದರ ಜಾಗದಲ್ಲಿ ಹೊಸ ಮೊಳಕೆಗಳು ಮೂಡುತ್ತವೆ.

ಜಗಳಕ್ಕೆ ಕಾರಣ ಇಕ್ಕಟ್ಟು, ಒಂದೇ ಕಾಳಿನ ಬಟ್ಟಲು, ಎಲ್ಲಕ್ಕಿಂತ ಮಿಗಿಲಾಗಿ ಗೂಡಿನ ಪೆಟ್ಟಿಗೆ. ಅದಕ್ಕಾಗಿ ಎರಡು ಹೆಣ್ಣುಗಳು ಕಾದಾಡಿದರೆ ಒಂದರ ಸಾವಿನಲ್ಲಿ ಮುಗಿಯುವುದೂ ಉಂಟು. ಗಾಯ ಕಂಡೊಡನೆ ಹಕ್ಕಿಗಳನ್ನು ಬೇರೆ ಬೇರೆ ಪಂಜರಗಳಲ್ಲಿ, ಒಂದಕ್ಕೊಂದು ಕಾಣುವಂತೆ ಪಕ್ಕದಲ್ಲಿಡಬೇಕು, ಪೆಟ್ಟಿಗೆಯನ್ನು ತೆಗೆದುಬಿಡಬೇಕು. ನಡುರಾತ್ರಿಯವರೆಗೆ ದೀಪ, ಟೆಲಿವಿಷನ್ ಆರದ ಮನೆಯಲ್ಲಿ ಹಕ್ಕಿಗೆ 10-12 ಗಂಟೆಗಳ ಕತ್ತಲೆ ಒದಗಿಸುವುದೂ ಅಷ್ಟೇ ಅಗತ್ಯ.

ಗರಿ ಕೆಡುವುದರೊಂದಿಗೆ ಹಕ್ಕಿ ಮಂಕಾಗಿ ಹಸಿರು ಭೇದಿ ಮಾಡುತ್ತಿದ್ದರೆ, ಜಗಳವಲ್ಲ, ರೋಗವನ್ನು ಶಂಕಿಸಿ ಪಶುವೈದ್ಯರಿಗೆ ತೋರಿಸಬೇಕು. ಒಣಗಿದ ಹಿಕ್ಕೆಯ ಧೂಳಿನಿಂದ ತಗಲುವ ಸಿಟಕೋಸಿಸ್ ಮನುಷ್ಯರಲ್ಲಿ ಜ್ವರ, ಒಣಕೆಮ್ಮು, ನ್ಯುಮೋನಿಯವನ್ನು ಉಂಟುಮಾಡಬಲ್ಲುದು. ಪಂಜರವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕೇ ಹೊರತು ಪೊರಕೆಯಿಂದ ಗುಡಿಸಬಾರದು. ಮನೆಮಂದಿಗೆ ಅಂತಹ ಜ್ವರ ಬಂದಲ್ಲಿ, ಮನೆಯಲ್ಲಿ ಗಿಳಿಗಳಿವೆಯೆಂದು ವೈದ್ಯರಿಗೆ ಅವರು ಕೇಳುವ ಮೊದಲೇ ತಿಳಿಸಬೇಕು.