ಎಂಜಿನ್ನಿನ ಉಸಿರು ತಿದ್ದಿದವರು

ಮಾದಪ್ಪನ ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಪರಸೆಯವರು ‘ಉಘೇ ಮಾದಪ್ಪ’ ಎಂದು ಕಾಲ್ನಡಿಗೆ ಶುರುಮಾಡುವ ಜಾಗದಲ್ಲೇ ಬೈಕಿನವರೂ ಒಂದು ಗಳಿಗೆ ನಿಲ್ಲುತ್ತಾರೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟುವವರೆಗೆ ಯಾವ ಗಾಡಿಯಾದರೂ ನಡೆಯುತ್ತದೆ. ಗಾಡಿಯ ನಿಜಗುಣ ಗೊತ್ತಾಗುವುದು ಇಲ್ಲಿಂದ ಮೇಲೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲೇ ಹತ್ತುತ್ತದೆಯೋ, ಏದುಸಿರು ಬಿಡುತ್ತಾ ಫಸ್ಟಿಗೆ ಇಳಿಯುತ್ತದೆಯೋ? ಇದಕ್ಕೆ ನಮ್ಮಲ್ಲಿ ‘ಎಳೆತ’ ಎನ್ನುತ್ತೇವೆ. ಎಂಜಿನ್ ದೊಡ್ಡದಾದ ಮಾತ್ರಕ್ಕೆ ಎಳೆತ ಬರುವುದಿಲ್ಲ. ಅದು ಯಾವ ಹೊತ್ತಿಗೆ ಉಸಿರೆಳೆದುಕೊಂಡು ಯಾವ ಹೊತ್ತಿಗೆ ಬಿಡುತ್ತದೆ ಎಂಬುದೇ ಮುಖ್ಯ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆ ಹೊತ್ತನ್ನು ಗೊತ್ತುಮಾಡುವುದು ಕ್ಯಾಮ್‌ಶಾಫ್ಟ್.

ಕಬ್ಬಿಣದ ಒಂದು ಕೋಲು, ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ಕೋಲು ತಿರುಗಿದಾಗ ಉಬ್ಬು ವಾಲ್ವನ್ನು ಎತ್ತುತ್ತದೆ, ದಾಟಿದ ಮೇಲೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ಹೊಡೆಯುವಾಗ ಕ್ಯಾಮ್ ಅದರ ಅರ್ಧ ವೇಗದಲ್ಲಿ, ಅಂದರೆ 3000 ಸುತ್ತು ತಿರುಗುತ್ತದೆ. ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಅಷ್ಟು ಆತುರದಲ್ಲಿ ಸಿಲಿಂಡರಿನ ಹೊಟ್ಟೆ ತುಂಬುವುದಿಲ್ಲ. ಬಾಗಿಲು ಇನ್ನೂ ಸ್ವಲ್ಪ ಹೊತ್ತು ತೆರೆದಿದ್ದರೆ ಒಳನುಗ್ಗುವ ಗಾಳಿ ತನ್ನ ರಭಸಕ್ಕೇ ಇನ್ನಷ್ಟು ತುಂಬಿಕೊಳ್ಳುತ್ತದೆ. ಆದರೆ ಅದೇ ಎಂಜಿನ್ ನಿಧಾನಕ್ಕೆ ಓಡುವಾಗ ಗಾಳಿಗೆ ರಭಸವಿಲ್ಲ. ಮೇಲೇರುವ ಪಿಸ್ಟನ್ ಅದನ್ನು ಬಂದ ದಾರಿಯಲ್ಲೇ ಹೊರದಬ್ಬುತ್ತದೆ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ರೇಸ್ ಕ್ಯಾಮ್ ಹಾಕಿದ ಗಾಡಿ ನಿಂತಲ್ಲಿ ಕುಂಟುತ್ತಾ ಬಡಿದುಕೊಳ್ಳುವುದು ಇದೇ ಕಾರಣಕ್ಕೆ.

ಈ ಹೊತ್ತನ್ನು ತಿದ್ದುವುದನ್ನೇ ಕಸುಬು ಮಾಡಿಕೊಂಡವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿಕೊಂಡರು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟುಕುವ ವಿ-8 ಎಂಜಿನ್ ತಂದಿತ್ತು. ಹುಡುಗರು ಹಳೇ ಕಾರುಗಳ ಮಡ್‌ಗಾರ್ಡ್ ಕಿತ್ತೆಸೆದು, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಅವೇ ಹಾಟ್ ರಾಡ್‌ಗಳು. ಅವರಿಗೆಲ್ಲ ಗುರುವಿನಂತಿದ್ದವರು 1901ರಲ್ಲಿ ಹುಟ್ಟಿದ ಎಡ್ ವಿನ್‌ಫೀಲ್ಡ್. ಕ್ಯಾಮ್, ಕಾರ್ಬ್ಯುರೇಟರ್ ಎರಡರಲ್ಲೂ ಪಳಗಿದ ಕೈ.

ನನಗೆ ಅಚ್ಚರಿಯಾಗುವುದು ಅಂದಿನವರ ಸಾಣೆ ಹಿಡಿಯುವ ಉಪಾಯ. ಕಂಪನಿಯ ಕ್ಯಾಮಿಗೆ ಹೊಸ ಲೋಹ ಕೂಡಿಸದೆ ಉಬ್ಬನ್ನು ಎತ್ತರ ಮಾಡುವುದು ಹೇಗೆ? ಉಬ್ಬಿನ ತುದಿಯನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು ಉಳಿದ ದುಂಡು ಭಾಗವನ್ನು ಸವೆಸಿದರು. ನೆಲ ತಗ್ಗಿದರೆ ದಿಬ್ಬ ಏರಿದಂತೆಯೇ ತಾನೆ! ಕಬ್ಬಿಣ ಕಳೆದುಕೊಂಡ ಕೋಲು ವಾಲ್ವನ್ನು ಮೊದಲಿಗಿಂತ ಮೇಲೆತ್ತಿತು.

ಎಡ್ ಇಸ್ಕೆಂಡೇರಿಯನ್ ಎಂಬ ಅರ್ಮೇನಿಯನ್ ಮನೆತನದ ಹುಡುಗ, ಎರಡನೇ ಮಹಾಯುದ್ಧ ಮುಗಿಸಿ ಬಂದವನು, ತನ್ನ ಫೋರ್ಡಿಗೆ ಒಂದು ಒಳ್ಳೆಯ ಕ್ಯಾಮ್ ಬೇಕೆಂದು ಕಾದು ಕಾದು ಸಾಕಾಗಿ ಹಳೆಯ ಗ್ರೈಂಡಿಂಗ್ ಯಂತ್ರವೊಂದನ್ನು ಕೊಂಡ. ಅದನ್ನೇ ಮಾರ್ಪಡಿಸಿ 1946ರ ಸುಮಾರಿಗೆ ತಾನೇ ಕ್ಯಾಮ್ ಅರೆಯತೊಡಗಿದ. ‘ಇಸ್ಕಿ’ ಹೆಸರು ಹಾಗೆ ಹುಟ್ಟಿತು. 1963ರಲ್ಲಿ ಬಿಡಿಭಾಗ ತಯಾರಕರೆಲ್ಲ ಸೇರಿ ಸೆಮಾ ಎಂಬ ಸಂಘ ಕಟ್ಟಿದಾಗ ಮೊದಲ ಅಧ್ಯಕ್ಷ ಈತನೇ. ಪೋಲಿಯೊದಿಂದ ಗಾಲಿಕುರ್ಚಿ ಹಿಡಿದ ಚೆಟ್ ಹರ್ಬರ್ಟ್ ಉಬ್ಬಿನ ಮೇಲೆ ಉಜ್ಜದೆ ಉರುಳುವ ಗಾಲಿಯಿಂದ ವಾಲ್ವೆತ್ತುವ ರೋಲರ್ ಕ್ಯಾಮುಗಳನ್ನು ರೂಢಿಗೆ ತಂದ. ಮರಕುಟಿಗದ ಲಾಂಛನದ ಕ್ಲೇ ಸ್ಮಿತ್ 1954ರಲ್ಲಿ ರೇಸ್ ಅಂಗಳದಲ್ಲೇ ಪ್ರಾಣ ಬಿಟ್ಟ.

ನಮ್ಮ ಸೀಮೆಯ ಕಥೆ ಇನ್ನೊಂದು ದಾರಿ ಹಿಡಿಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನು, 1973ರಿಂದ ಯೆಜ್ಡಿ ಹೆಸರಿನಲ್ಲಿ, 1996ರವರೆಗೆ ತಯಾರಿಸಿತು. ಮಾದಪ್ಪನ ಬೆಟ್ಟಕ್ಕೆ ಮೂರು ತಲೆಮಾರಿನ ಭಕ್ತರನ್ನು ಹೊತ್ತು ತಂದ ಆ 250 ಸಿಸಿ ಎಂಜಿನ್ನಿನಲ್ಲಿ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ. ಟೂ ಸ್ಟ್ರೋಕ್ ಆದ್ದರಿಂದ ಸಿಲಿಂಡರಿನ ಗೋಡೆಯಲ್ಲೇ ಪೋರ್ಟುಗಳೆಂಬ ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಆಡುತ್ತಾ ತಾನೇ ಅವನ್ನು ತೆರೆದು ಮುಚ್ಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗ್ರೈಂಡಿಂಗ್ ಕಲ್ಲು ಮಾಡಿದ ಕೆಲಸವನ್ನು ಇಲ್ಲಿ ಮೆಕ್ಯಾನಿಕ್ಕಿನ ಸಣ್ಣ ಅರ ಮಾಡಬೇಕು. ಹೊಗೆ ಹೋಗುವ ಪೋರ್ಟಿನ ಮೇಲಂಚನ್ನು ಒಂದು ಮಿಲಿಮೀಟರು ಎತ್ತರಿಸಿದರೆ ಸಾಕು, ಗಾಡಿ ಚಪ್ಪಟೆ ರಸ್ತೆಯಲ್ಲಿ ಹಾರುತ್ತದೆ, ಘಾಟಿಯಲ್ಲಿ ಸೊರಗುತ್ತದೆ. ಅರ ಉಜ್ಜಿ ತೆಗೆದದ್ದನ್ನು ಮತ್ತೆ ಕೂಡಿಸಲಾಗದು. ಬಲ್ಲ ಮೆಕ್ಯಾನಿಕ್ಕು ಅದಕ್ಕೇ ಮೊದಲು ಕೇಳುವುದು, ಗಾಡಿ ಓಡುವುದೆಲ್ಲಿ ಎಂದು.

ನಮ್ಮ ಮನೆಯ ಯೆಜ್ಡಿ ರೋಡ್‌ಕಿಂಗ್‌ನ ಪೋರ್ಟುಗಳಿಗೆ ಯಾರೂ ಅರ ಮುಟ್ಟಿಸಲಿಲ್ಲ. ಶಿವರಾತ್ರಿಯ ಹಿಂದಿನ ರಾತ್ರಿ, ತಾಳಬೆಟ್ಟದ ಮೇಲಿನ ತಿರುವುಗಳಲ್ಲಿ, ದಾರಿಯುದ್ದಕ್ಕೂ ನಡೆಯುತ್ತಿದ್ದ ಪರಸೆಯ ಪಕ್ಕದಲ್ಲಿ ಅದು ಎರಡು ಸೈಲೆನ್ಸರುಗಳಲ್ಲೂ ಆಯಿಲಿನ ಹೊಗೆ ಬಿಡುತ್ತಾ, ಸೆಕೆಂಡ್ ಗೇರಿನಲ್ಲೇ, ಒಂದೇ ಸಮನೆ ಹತ್ತುತ್ತಿತ್ತು.