ದನಕ್ಕೆ ಮದ್ದು, ಹದ್ದಿಗೆ ವಿಷ

ರಣಹದ್ದಿಗೆ ಕುತ್ತು ಬಂದೀತೆಂದು 1980ರ ದಶಕದಲ್ಲಿ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ಊರಾಚೆ ದನದ ಹೆಣ ಬಿದ್ದರೆ ಸಾಕು, ಹಿಂಡುಹಿಂಡಾಗಿ ಬಂದಿಳಿಯುತ್ತಿದ್ದವು. ಅವುಗಳಲ್ಲಿ ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಭಾರತದಲ್ಲಿ ಶೇ. 99.9ರಷ್ಟು ಕಡಿಮೆಯಾಯಿತು. ಅಂದರೆ ಸಾವಿರ ಇದ್ದ ಕಡೆ ಒಂದು.

ಯಾರೂ ಬೇಟೆಯಾಡಿರಲಿಲ್ಲ, ಹೊಟ್ಟೆಗೂ ಕೊರತೆಯಿರಲಿಲ್ಲ. ಯಾವುದೋ ವೈರಸ್ ಇರಬೇಕೆಂದು ಹಲವರು ಊಹಿಸಿದ್ದರು. ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಸತ್ತ ಹದ್ದುಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಅವರ ತಂಡ 2004ರಲ್ಲಿ ಕಾರಣ ಪ್ರಕಟಿಸಿತು: ದನಗಳ ನೋವು, ಊತಕ್ಕೆ ಕೊಡುವ ಡೈಕ್ಲೊಫೆನಾಕ್. ಮದ್ದು ಹಾಕಿಸಿಕೊಂಡ ದನ ಬೇಗ ಸತ್ತರೆ ಮದ್ದಿನ ಅಂಶ ಮಾಂಸದಲ್ಲೇ ಉಳಿಯುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ರಕ್ತದಲ್ಲಿ ತುಂಬಿ, ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯಾಗಿ ಕೂರುತ್ತದೆ. ಕೆಲವೇ ದಿನಗಳಲ್ಲಿ ಸಾವು.

ಎಲ್ಲ ಹೆಣಗಳಲ್ಲೂ ವಿಷವಿರಬೇಕಿಲ್ಲ. ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿದ್ದರೂ ಇಂಥ ಕುಸಿತಕ್ಕೆ ಸಾಕೆಂದು ಲೆಕ್ಕ ಹೇಳುತ್ತದೆ. ಒಂದೇ ಹೆಣಕ್ಕೆ ಹತ್ತಾರು ಹದ್ದುಗಳು ಮುಗಿಬೀಳುತ್ತವಲ್ಲ! ಮೇಲಾಗಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸತ್ತಷ್ಟು ಬೇಗ ಹುಟ್ಟುವ ಜಾತಿಯಲ್ಲ.

ಹದ್ದುಗಳು ಕಾಣೆಯಾದ ಮೇಲೆ ದನದ ಹೆಣಗಳು ಬೀದಿನಾಯಿಗಳ ಪಾಲಾದವು, ರೇಬೀಸ್ ಭೀತಿ ಹೆಚ್ಚಿತು. ಹದ್ದುಗಳಿಲ್ಲದ್ದರಿಂದ 2000–2005ರ ನಡುವೆ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು ಅಂದಾಜಿಸಿದೆ.

ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿ ಕೊಟ್ಟಿಗೆ ಸೇರುತ್ತಲೇ ಇತ್ತು; ಅದನ್ನು 3 ಮಿ.ಲೀ.ಗೆ ಇಳಿಸಲು 2015 ಬರಬೇಕಾಯಿತು. ಹದ್ದಿಗೆ ಅಷ್ಟೇ ಅಪಾಯಕಾರಿಯಾದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳಿಗೆ ನಿಷೇಧ ಬಿದ್ದದ್ದು 2023ರಲ್ಲಿ. ಹಕ್ಕಿ ಸತ್ತ ಮೇಲೆ ಒಂದೊಂದೇ ಮದ್ದನ್ನು ನಿಲ್ಲಿಸುವ ಈ ಕ್ರಮವೇ ತಲೆಕೆಳಗು. ಹದ್ದಿಗೆ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲಲ್ಲವೇ ಮದ್ದು ಅಂಗಡಿಗೆ ಬರಬೇಕಾದ್ದು?

ನಮ್ಮಲ್ಲಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಒಳ್ಳೆಯದೇ. ಆದರೆ ಮೇವಿಗಾಗಿ ಹತ್ತಾರು ಕಿಲೋಮೀಟರ್ ಹಾರುವ ಹಕ್ಕಿಗೆ ಬೇಲಿ ಏನು ಮಾಡೀತು? ಅದರ ಜೀವ ಸುತ್ತಲಿನ ಊರುಗಳ ಕೊಟ್ಟಿಗೆಯಲ್ಲಿದೆ. ನಿಮ್ಮ ಹಸುವಿಗೆ ನೋವಿನ ಇಂಜೆಕ್ಷನ್ ಬೇಕಾದಾಗ ಪಶುವೈದ್ಯರನ್ನು ಮೆಲೋಕ್ಸಿಕಾಮ್ ಆಗುತ್ತದೆಯೇ ಎಂದು ಕೇಳಿ. ಹಸುವಿಗೂ ಒಗ್ಗುತ್ತದೆ, ಹದ್ದೂ ಸಾಯುವುದಿಲ್ಲ.